ಅರಳೆ ಅಣ್ಣನ ಸುಳ್ಳು ನಿದ್ದೆ

ನನ್ನ ಮೈದುನನ ಕಸುಬಿನಲ್ಲಿ ಅರ್ಧ ಹೊಲಿಗೆ, ಅರ್ಧ ನಿದ್ದೆ. ಹೀಗೆಂದ ಕೂಡಲೇ ಯಾರೋ ಸೋಮಾರಿಯ ಕತೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಅವನಷ್ಟು ಮೈಮುರಿದು ದುಡಿಯುವವನನ್ನು ನಾನು ನೋಡಿಲ್ಲ. ಅವನು ಹಾಸಿಗೆ ಹೊಲಿಯುವವನು. ತಲೆಗೂದಲಲ್ಲಿ, ಹುಬ್ಬಿನಲ್ಲಿ, ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದಿಷ್ಟು ಅರಳೆ ಅಂಟಿಕೊಂಡಿರುವುದರಿಂದ ಬೀದಿಯವರ ಬಾಯಲ್ಲಿ ಅವನು ಅರಳೆ ಅಣ್ಣ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ, ಹುಬ್ಬು ಮಾತ್ರ ಮುದುಕರ ಹಾಗೆ ಬೆಳ್ಳಗಿತ್ತು. "ಇವರು ನಿಮ್ಮ ತಮ್ಮನೋ ಚಿಕ್ಕಪ್ಪನೋ" ಎಂದು ನಮ್ಮವರನ್ನು ಕೇಳಿದ್ದೆ. ಆ ಮಾತು ಹಿಡಿದುಕೊಂಡು ಅವನು ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾನೆ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಗೆ ತೆರೆಯುವ ಅಗಲ ಬಾಗಿಲು, ಸಿಮೆಂಟು ನೆಲ, ಒಂದು ಗೋಡೆಗೆ ಸುರುಳಿ ಸುತ್ತಿ ನಿಲ್ಲಿಸಿದ ಪಟ್ಟೆ ಬಟ್ಟೆ, ಇನ್ನೊಂದು ಗೋಡೆಗೆ ಹತ್ತಿಯ ಮೂಟೆ. ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರ. ಅದನ್ನು ಓಡಿಸುತ್ತಿದ್ದವರು ನಮ್ಮವರು. ಅವರು ತೀರಿಹೋದ ಮೇಲೆ ನಾನು ನನ್ನ ಅಕ್ಕನ ಮನೆಗೆ ಹೊರಟು ನಿಂತಿದ್ದೆ. ಮೈದುನ ಬಂದು ನನ್ನ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟ.

"ಅಣ್ಣ ಹೇಳದೆ ಕೇಳದೆ ಹೋದ. ನೀವೂ ಹೋದ್ರೆ ಗವಸು ಹೊಲಿಯೋರು ಯಾರು ಅತ್ತಿಗೆ? ಇವಳ ಕೈಗೆ ಕೊಟ್ರೆ ಹಾಸಿಗೆಗೆ ಮೂರೇ ಮೂಲೆ ಇರುತ್ತೆ."

"ಕೇಳಿಸ್ತು ಕೇಳಿಸ್ತು" ಎಂದಳು ಒಳಗಿನಿಂದ ಅವನ ಹೆಂಡತಿ, ನನ್ನ ವಾರಗಿತ್ತಿ. ಹಾಗೆ ಉಳಿದುಕೊಂಡವಳು ನಾನು. ಯಂತ್ರ ಓಡಿಸುವವರಿಲ್ಲ, ಅವಳು ಕೋಲಿನಿಂದ ಹತ್ತಿ ಬಡಿದು ಕೊಡುತ್ತಾಳೆ, ನಾನು ಗವಸು ಹೊಲಿಯುತ್ತೇನೆ, ತುಂಬಿ ಮುಗಿಸುವುದು ಅವನ ಕೆಲಸ.

ಕಸುಬು ಅವನಿಗೆ ನಮ್ಮ ಮಾವನಿಂದ ಬಂತು. ಅದರ ಜೊತೆ ಒಂದು ಕಟ್ಟಳೆಯೂ ಬಂತು. ಹಾಸಿಗೆಗೆ ಅರಳೆ ತುಂಬಿ ಸುತ್ತ ಅಂಚು ಹೊಲಿದ ಮೇಲೆ ಒಂದು ಮೂಲೆಯಲ್ಲಿ ಗೇಣುದ್ದ ಬಾಯಿ ಬಿಡಬೇಕು. ದಬ್ಬಳವನ್ನು, ಅಂದರೆ ಗೋಣಿ ಹೊಲಿಯುವಂಥ ಆ ದೊಡ್ಡ ಸೂಜಿಯನ್ನು, ದಾರದ ಸಮೇತ ಅಲ್ಲೇ ಚುಚ್ಚಿಡಬೇಕು. ಮಧ್ಯಾಹ್ನದ ಊಟವಾದ ಮೇಲೆ, ತುಂಬಿದವನೇ ಮೇಲೊಂದು ಒಗೆದ ದುಪ್ಪಟಿ ಹಾಸಿ ಮಲಗಬೇಕು. ಬಲಮಗ್ಗುಲು, ಎಡಮಗ್ಗುಲು, ಅಂಗಾತ. ಕಣ್ಣು ತಾನಾಗಿ ಮುಚ್ಚಿ ಒಂದು ಜೊಂಪು ಹತ್ತಿತೋ, ಹಾಸಿಗೆ ಪಾಸು. ಎದ್ದು ಬಾಯಿ ಹೊಲಿದು ದಾರ ಕತ್ತರಿಸಬಹುದು. ಹತ್ತಲಿಲ್ಲವೋ, ಎಲ್ಲಿ ಒತ್ತುತ್ತದೆ ಎಂದು ಹುಡುಕಿ, ಆ ಬಾಯಿಯಿಂದ ಕೈ ತೂರಿಸಿ, ಒಳಗೆ ಉಂಡೆಗಟ್ಟಿದ ಹತ್ತಿಯನ್ನು ಹೊರಗೆಳೆದು ಬಿಡಿಸಿ ಮತ್ತೆ ತುಂಬಬೇಕು. "ಗಿರಾಕಿ ಹಾಸಿಗೇನ ಕೈಯಲ್ಲಿ ಒತ್ತಿ ನೋಡ್ತಾನೆ. ಮನೆಗೆ ಹೋಗಿ ಮಲಗೋದು ಬೆನ್ನಲ್ಲಿ" ಎನ್ನುತ್ತಿದ್ದರು ಮಾವ.

ಒಮ್ಮೆ ಹೊಸ ಗಿರಾಕಿಯೊಬ್ಬಳು ತನ್ನ ಹಾಸಿಗೆ ಒಯ್ಯಲು ಬಂದು, ಅದರ ಮೇಲೆ ಬಾಯಿ ತೆರೆದು ಮಲಗಿದ್ದ ಇವನನ್ನು ಕಂಡು ದಂಗಾದಳು.

"ಇದೇನ್ರೀ, ನಮ್ಮ ಹಾಸಿಗೆ ಮೇಲೆ ಇವರು ಮಲಗಿದಾರೆ?"

"ಮೆಲ್ಲಗೆ ಮಾತಾಡಿ ತಾಯಿ" ಎಂದಳು ನನ್ನ ವಾರಗಿತ್ತಿ, "ನಿಮ್ಮ ಹಾಸಿಗೆ ಪರೀಕ್ಷೆಗೆ ಕೂತಿದೆ." ಆಕೆ ಬಾಗಿಲಲ್ಲೇ ಕುಳಿತು ಕಾದಳು. ಕಾಯುತ್ತ ಕಾಯುತ್ತ ಎರಡು ದಿಂಬಿಗೂ ಹೇಳಿಹೋದಳು.

ಮಾತಿಗೆ ಅವನು ಯಾವತ್ತೂ ಬಡವನಲ್ಲ. ಯಾರಾದರೂ ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹೇಳಿದರೆ, "ಅದನ್ನ ಕಟ್ಟಿದವನು ಹಾಸಿಗೆಯವನಲ್ಲ ಬಿಡಿ. ನಮ್ಮಲ್ಲಿ ಮೊದಲು ಕಾಲು ಅಳೆದು ಆಮೇಲೆ ಹಾಸಿಗೆ" ಎನ್ನುತ್ತಿದ್ದ. ಹತ್ತಿ ಬಡಿಯುವಾಗ ಹತ್ತಿಯ ಜೊತೆಗೂ ಮಾತಾಡುತ್ತಿದ್ದ. ಅಂಥವನ ಮಾತು ನಿಂತುಹೋಗಿದ್ದು ನಮಗೆ ಮೊದಲು ಗೊತ್ತಾಗಲೇ ಇಲ್ಲ. ಗಡಿಯಾರ ನಿಂತರೆ ತಕ್ಷಣ ಯಾರಿಗೆ ಗೊತ್ತಾಗುತ್ತದೆ? ಹೊತ್ತು ಕೇಳಬೇಕಾಗಿ ಬಂದಾಗಲೇ ನೋಡುವುದು.

ಬೀದಿಯವರು ಮೊದಲು ಗೊಣಗಿದರು. ಅರಳೆ ಅಣ್ಣನಿಗೆ ಜಂಬ ಬಂದಿದೆ, ಪಕ್ಕದಲ್ಲಿ ಹೋಗುತ್ತ ಮಾತಾಡಿಸಿದರೂ ತಿರುಗಿ ನೋಡುವುದಿಲ್ಲ ಎಂದು. ಆಮೇಲೆ ಮನೆಯ ಬಾಗಿಲ ಚೌಕಟ್ಟಿಗೂ ಅವನಿಗೂ ಜಗಳ ಶುರುವಾಯಿತು. ಬಲಭುಜ ಒಮ್ಮೆ, ಎಡಭುಜ ಒಮ್ಮೆ, ದಿನಾ ಢಿಕ್ಕಿ. "ಚೌಕಟ್ಟು ನಿಮಗೇನು ಮಾಡಿತ್ತು? ಹುಟ್ಟಿದಾಗಿನಿಂದ ಅಲ್ಲೇ ನಿಂತಿದೆ ಪಾಪ" ಎಂದು ವಾರಗಿತ್ತಿ ಕೆಣಕಿದರೆ, ಮೊದಲಾಗಿದ್ದರೆ ನಾಲ್ಕು ಮಾತು ತಿರುಗಿಸುತ್ತಿದ್ದವನು ಭುಜ ಉಜ್ಜಿಕೊಂಡು ಸುಮ್ಮನೆ ಹೋಗಿ ಕೂತ. ಅಲ್ಲಿಗೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಕನ್ನಡಕ ಬೇಕೇನೋ ಎಂದು ಬೀದಿಯ ತುದಿಯ ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋದೆವು. ಅಂಗಡಿಯವನು ಮುಂದೆ ಹಿಡಿದ ಅಕ್ಷರವನ್ನೆಲ್ಲ ಇವನು ಓದಿದ. ಆಮೇಲೆ ಅವನು ತನ್ನ ಕೈಯನ್ನು ಇವನ ಕಿವಿಯ ಪಕ್ಕಕ್ಕೆ ಒಯ್ದು, "ಎಷ್ಟು ಬೆರಳು?" ಎಂದ.

"ಯಾವ ಬೆರಳು?" ಎಂದ ನನ್ನ ಮೈದುನ.

ಇನ್ನೊಂದು ಪಕ್ಕಕ್ಕೂ ಒಯ್ದ. ಅದೇ ಉತ್ತರ. ಅಂಗಡಿಯವನು ಕೈ ಇಳಿಸಿ, "ಅಣ್ಣ, ನಾನು ನಿನಗೆ ಕನ್ನಡಕ ಮಾರಲ್ಲ. ಕಣ್ಣು ಚೆನ್ನಾಗಿದೆ, ಅದರ ಹಿಂದೆ ಏನೋ ಇದೆ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗು" ಎಂದ.

ಆಸ್ಪತ್ರೆಯಲ್ಲಿ ತಲೆಯ ಒಳಗಿನ ಚಿತ್ರ ತೆಗೆದರು. ಮೂಗಿನ ಹಿಂದೆ, ಮಿದುಳಿನ ಬುಡದಲ್ಲಿ, ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇದೆಯಂತೆ, ಪಿಟ್ಯುಟರಿ ಎಂದು ಅದರ ಹೆಸರು. ಅದರ ಮೇಲೆ ಗೋಲಿಯಷ್ಟು ದೊಡ್ಡ ಗಡ್ಡೆ ಬೆಳೆದು ಕಣ್ಣಿನ ನರವನ್ನು ಒತ್ತುತ್ತಿತ್ತು. ಅದಕ್ಕೇ ಇವನಿಗೆ ಎದುರಿನದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ಕೆಟ್ಟ ಗಡ್ಡೆಯಲ್ಲ, ತೆಗೆಯಬಹುದು ಎಂದರು ಡಾಕ್ಟರಮ್ಮ. ಮೈಗೆ ಏಳು ಎನ್ನುವುದು, ಮಲಗು ಎನ್ನುವುದು, ಕಸುವು ಹಂಚುವುದು ಎಲ್ಲದರಲ್ಲೂ ಆ ಕಾಳಿನ ಕೈಯಿದೆ ಎಂದೂ ವಿವರಿಸಿದರು. ನನ್ನ ವಾರಗಿತ್ತಿ ತಲೆಯಾಡಿಸಿ, "ಗೊತ್ತಾಯ್ತು ಬಿಡಿ. ಕಾಣೋಕೆ ಇಷ್ಟೇ ಇಷ್ಟು, ಮನೆ ಬೀಗದಕೈ ಎಲ್ಲ ಅವಳ ಸೊಂಟದಲ್ಲೇ. ನಮ್ಮತ್ತೆ ಹಾಗೆ" ಎಂದಳು.

ಮೂಗಿನ ದಾರಿಯಿಂದ ಗಡ್ಡೆ ತೆಗೆಯುತ್ತಾರೆ, ತಲೆ ಬಿಚ್ಚುವುದಿಲ್ಲ ಎಂದಾಗ ನನ್ನ ಮೈದುನನ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದಿಷ್ಟು ಜೀವ ಬಂತು. "ಅಂದ್ರೆ ಗವಸು ಬಿಚ್ಚದೆ ಮೂಲೆಯ ಬಾಯಿಯಿಂದ ಉಂಡೆ ತೆಗೀತಾರೆ. ನಮ್ಮ ಕಸುಬೇ" ಎಂದ. ಡಾಕ್ಟರಮ್ಮನ ಕೈಯನ್ನೇ ನೋಡಿ, "ಬೆರಳು ಸಣ್ಣಗಿದೆ, ಪರವಾಗಿಲ್ಲ" ಎಂದೂ ಸೇರಿಸಿದ.

ಎಲ್ಲ ಸುಸೂತ್ರವಾಗಿ ನಡೆಯಿತು. ಅವನಿಗೆ ಎಚ್ಚರವಾದಾಗ ಮಂಚದ ಎಡಕ್ಕೆ ಹೆಂಡತಿ, ಬಲಕ್ಕೆ ನಾನು ನಿಂತಿದ್ದೆವು. ಕುತ್ತಿಗೆ ತಿರುಗಿಸದೆಯೇ, "ಇಬ್ಬರೂ ಕಾಣ್ತಿದೀರಿ. ಇನ್ನು ನಿಮ್ಮ ಕಣ್ಣು ತಪ್ಪಿಸಿ ಬೀಡಿ ಸೇದೋಕಾಗಲ್ಲ, ನನಗೇ ಮುಜುಗರ" ಎಂದ. ವಾರಗಿತ್ತಿ ಅತ್ತೂ ಬಿಟ್ಟಳು, ಬೈದೂ ಬಿಟ್ಟಳು.

ಗಡ್ಡೆ ಹೋಯಿತು, ಇನ್ನು ನಮ್ಮ ಅರಳೆ ಅಣ್ಣ ಮೊದಲಿನ ಹಾಗಾಗುತ್ತಾನೆ ಎಂದು ನಾವೂ ನಂಬಿದೆವು, ಬೀದಿಯೂ ನಂಬಿತು. ಕಣ್ಣೇನೋ ಅಗಲವಾಯಿತು. ಮನುಷ್ಯ ಮಾತ್ರ ಹಿಂದಿರುಗಿ ಬರಲಿಲ್ಲ. ಬೆಳಿಗ್ಗೆ ಎದ್ದರೆ ನೆಂದ ಹತ್ತಿಯ ಮೂಟೆ. ನೆಂದ ಹತ್ತಿಯನ್ನು ನೀವು ನೋಡಿದ್ದೀರೋ ಇಲ್ಲವೋ, ಅದನ್ನು ಎತ್ತಲೂ ಆಗುವುದಿಲ್ಲ, ಬಡಿಯಲೂ ಆಗುವುದಿಲ್ಲ. ಹಾಗೆ ಗೋಡೆಗೊರಗಿ ಕೂತಿರುತ್ತಿದ್ದ. ಆ ಕಾಳು ಗಡ್ಡೆಯ ಕೆಳಗೆ ಸಿಕ್ಕಿ ಸೊರಗಿತ್ತಲ್ಲ, ಅದು ಮಾಡಬೇಕಾದ ಕೆಲಸಕ್ಕೆ ಮಾತ್ರೆ ಕೊಟ್ಟಿದ್ದರು. ಬೆಳಿಗ್ಗೆ ಎದ್ದ ಕೂಡಲೇ ದೊಡ್ಡದು, ಮಧ್ಯಾಹ್ನ ಚಿಕ್ಕದು. ತಪ್ಪಿಸಬಾರದು ಎಂದಿದ್ದರು. "ನುಂಗಿದ್ರಾ?" ಎಂದರೆ "ಹೂಂ" ಎನ್ನುತ್ತಿದ್ದ.

ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ನಾವು ಮಲಗಿದ್ದರೆ ಅವನು ಅಂಗಡಿಯಲ್ಲಿ ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ ಕೂತಿರುತ್ತಿದ್ದ. ಬೆಳಗ್ಗೆ ನಾನು ಬಿಳಿ ದಾರ ಹುಡುಕಿದರೆ ಎಲ್ಲವೂ ಜಾಗ ಬದಲಾಯಿಸಿರುತ್ತಿದ್ದವು. ಬೀದಿಯವರು ಬಂದು, "ಗಡ್ಡೆ ಹೋಯ್ತಲ್ಲ ಅಣ್ಣ, ಇನ್ನೇನು? ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು. ಇವನು ತಲೆಯಾಡಿಸುತ್ತಿದ್ದ. ಅವರು ಹೋದ ಮೇಲೆ ಒಂದು ದಿನ ನನಗೆ ಹೇಳಿದ, "ನೋಡಿ ಅತ್ತಿಗೆ, ನನಗೆ ಚಿಂತೇನೂ ಇದೆ, ಸಂತೇಲಿ ನಿದ್ದೇನೂ ಬರುತ್ತೆ. ರಾತ್ರಿ ಮನೇಲಿ ಮಾತ್ರ ಬರಲ್ಲ. ಇದಕ್ಕೆ ಗಾದೆ ಯಾವುದು?"

ಇಂಥದರಲ್ಲಿ ಬೇಕರಿಯವನು ಬಂದ. ಪಕ್ಕದ ಬೀದಿಯವನು. ರಾತ್ರಿಯೆಲ್ಲ ಒಲೆಯ ಮುಂದೆ ಬೆವರಿ, ಬೆಳಗಿನ ಬ್ರೆಡ್ಡು ಅಂಗಡಿಗೆ ಹೋದ ಮೇಲೆ ಹಗಲು ಮಲಗುವವನು. ಆಳು ಭಾರಿ, ಮನಸ್ಸು ಬೆಣ್ಣೆ. ನಾವು ಹೊಸದಾಗಿ ಮಾಡಿಕೊಟ್ಟ ಹಾಸಿಗೆಯನ್ನು ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತು ತಂದಿದ್ದ.

"ಅಣ್ಣ, ಬೇಜಾರು ಮಾಡ್ಕೋಬೇಡ. ಹಾಸಿಗೆದೇನೂ ತಪ್ಪಿಲ್ಲ, ನನ್ನ ಬೆನ್ನೇ ಸರಿ ಇಲ್ಲವೇನೋ. ಸ್ವಲ್ಪ ನೋಡ್ತೀಯಾ?"

ವಾರಗಿತ್ತಿ ಮೂಲೆಯ ಹೊಲಿಗೆ ಬಿಚ್ಚಿ ಕೈ ತೂರಿಸಿದಳು. ಒಂದು ಉಂಡೆ ಹೊರಬಂತು. ಇನ್ನೊಂದು ಬಂತು. ಮೂರನೆಯದು ಬೇಕರಿಯವನ ಬನ್ನಿಗಿಂತ ದೊಡ್ಡದಿತ್ತು. ಮಾವನ ಕಾಲದಿಂದ ಈ ಅಂಗಡಿಗೆ ಒಂದು ಹಾಸಿಗೆಯೂ ಹಿಂದಿರುಗಿ ಬಂದದ್ದಿಲ್ಲ. ಬೇಕರಿಯವನೇ ತಪ್ಪು ಮಾಡಿದವನ ಹಾಗೆ, "ನನಗೇನೂ ಅವಸರ ಇಲ್ಲಪ್ಪ, ಮೈದಾ ಮೂಟೆ ಮೇಲೆ ಮಲಗಿರ್ತೀನಿ" ಎಂದು ಕಾಲ್ತೆಗೆದ.

ನನ್ನ ಮೈದುನ ಆ ಮೂರು ಉಂಡೆಗಳನ್ನು ಮುಂದಿಟ್ಟುಕೊಂಡು ಒಂದೊಂದನ್ನೇ ಹಿಚುಕಿ ನೋಡಿದ.

"ಇದರ ಮೇಲೆ ಮಲಗಿ ನಾನು ಗೊರಕೆ ಹೊಡೆದಿದ್ದೆ ಅತ್ತಿಗೆ" ಎಂದ. "ಒಳ್ಳೇದರ ಮೇಲೂ ಮಲಗ್ತೀನಿ, ಕೆಟ್ಟದರ ಮೇಲೂ ಮಲಗ್ತೀನಿ, ಕಲ್ಲು ಚಪ್ಪಡಿ ಮೇಲೂ ಮಲಗ್ತೀನಿ. ನನ್ನ ನಿದ್ದೆ ಸುಳ್ಳು ಹೇಳೋಕೆ ಕಲ್ತುಬಿಟ್ಟಿದೆ."

"ಹಸಿವು ರುಚಿ ಕಾಣದು, ನಿದ್ದೆ ಸುಖ ಕಾಣದು ಅಂತಾರಲ್ಲಪ್ಪ" ಎಂದೆ ನಾನು, ಸಮಾಧಾನಕ್ಕೆ.

"ಉಳಿದೋರ ನಿದ್ದೆ ಕಾಣದೇ ಇರಬಹುದು. ನನ್ನ ನಿದ್ದೆ ಕಾಣಬೇಕು. ಅದನ್ನೇ ನಂಬಿ ಜನ ಬರೋದು. ಈ ಬೇಕರಿಯವನ ಹಾಸಿಗೆ ಸರಿ ಮಾಡಿ ಕೊಡ್ತೀನಿ. ಆಗಲಿಲ್ಲ ಅಂದ್ರೆ ಅಂಗಡಿ ಮುಚ್ಚೋದೇ. ಸುಳ್ಳು ನಿದ್ದೆ ಮಾಡಿ ಮಾರಲ್ಲ."

ಅವನ ಬಾಯಲ್ಲಿ ಮುಚ್ಚುವ ಮಾತು ಬಂದದ್ದು ಅದೇ ಮೊದಲು. ದಬ್ಬಳವನ್ನು ತಗಡಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದ. ಆ ಸದ್ದು ನನಗೆ ಹಿಡಿಸಲಿಲ್ಲ.

ಪರೀಕ್ಷೆಗೆ ಬೇರೆ ಯಾರಾದರೂ ಮಲಗಿದರಾಯಿತು ಎಂದು ನಾವು ಹೆಂಗಸರು ಉಪಾಯ ಹೂಡಿದೆವು. ಮೊದಲು ವಾರಗಿತ್ತಿ ಮಲಗಿದಳು. ಬಲಮಗ್ಗುಲಿಗೆ ಹೊರಳಿದಾಗ ಒಲೆಯ ಮೇಲಿನ ಹಾಲು ನೆನಪಾಯಿತು, ಎಡಮಗ್ಗುಲಿಗೆ ಹೊರಳಿದಾಗ ಒಣಗಿದ ಬಟ್ಟೆ, ಅಂಗಾತ ಮಲಗಿದಾಗ ಸೂರಿನ ಜೇಡರ ಬಲೆ. ಎದ್ದು ಪೊರಕೆ ತಂದಳು. ಆಮೇಲೆ ನಾನು ಮಲಗಿದೆ. ನನ್ನ ಈ ಎಲುಬುಗಳಿಗೆ ಮೋಡದ ಮೇಲೆ ಮಲಗಿಸಿದರೂ ನೋವೇ. "ಇವರನ್ನ ಇಟ್ಟುಕೊಂಡ್ರೆ ಒಂದು ಹಾಸಿಗೇನೂ ಪಾಸಾಗಲ್ಲ" ಎಂದಳು ವಾರಗಿತ್ತಿ. ಮೈದುನ ನೋಡುತ್ತ ಕೂತಿದ್ದ. ನಗಲಿಲ್ಲ.

ಆಸ್ಪತ್ರೆಗೆ ಮತ್ತೆ ತೋರಿಸುವ ದಿನ ನಾವು ಮೂವರೂ ಹೋದೆವು. ಡಾಕ್ಟರಮ್ಮ ಕಣ್ಣು ನೋಡಿದರು, ರಕ್ತದ ಲೆಕ್ಕ ನೋಡಿದರು, ಚಿತ್ರ ನೋಡಿದರು. ಎಲ್ಲ ಚೆನ್ನಾಗಿದೆ ಎಂದರು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ನಿದ್ದೆ ಹೇಗಿದೆ?" ಎಂದು ಕೇಳಿದರು. ಅದನ್ನು ಕೇಳಿದವರು ಅವರೊಬ್ಬರೇ.

"ಬರುತ್ತೆ" ಎಂದ ಇವನು.

"ಎಲ್ಲಿಂದ ಬರುತ್ತೆ?" ಎಂದಳು ವಾರಗಿತ್ತಿ. "ಡಾಕ್ಟರಮ್ಮ, ಇವರ ಮಾತು ಬಿಡಿ, ನಾನು ಹೇಳ್ತೀನಿ. ಬೆಳಿಗ್ಗೆ ಎಬ್ಬಿಸಿದ್ರೆ ಮೂಟೆ. ಎದ್ದು ನಿಂತ್ರೆ ತಲೆ ತಿರುಗುತ್ತೆ ಅಂತ ಗೋಡೆ ಹಿಡೀತಾರೆ. ಸಾಯಂಕಾಲ ಆಗ್ತಿದ್ದ ಹಾಗೆ ಚಿಗುರ್ತಾರೆ. ರಾತ್ರಿ ಗೂಬೆ. ಮಾತಿಲ್ಲ, ಕತೆಯಿಲ್ಲ. ನನ್ನನ್ನ ಬೈದು ಎಷ್ಟು ದಿನ ಆಯ್ತೋ."

ಡಾಕ್ಟರಮ್ಮ ಇವನ ಮುಖವನ್ನೇ ನೋಡಿದರು. "ಮಾತ್ರೆ ಯಾವಾಗ ತಗೊಳ್ತೀರಿ?"

ಇವನು ಹೆಂಡತಿಯ ಕಡೆ ನೋಡಿದ, ನನ್ನ ಕಡೆ ನೋಡಿದ, ನೆಲ ನೋಡಿದ. "ಬೆಳಗಿನ ದೊಡ್ಡದನ್ನ ಮಧ್ಯಾಹ್ನಕ್ಕೆ ಇಟ್ಟುಕೊಳ್ತೀನಿ. ಮಧ್ಯಾಹ್ನದ್ದನ್ನ ರಾತ್ರಿ ಊಟ ಆದಮೇಲೆ."

"ಯಾಕೆ?"

"ಹಾಸಿಗೆಗೆ ಮೋಸ ಆಗಬಾರದಲ್ಲ ತಾಯಿ."

ಡಾಕ್ಟರಮ್ಮ ಲೇಖನಿ ಕೆಳಗಿಟ್ಟರು. ಇವನು ಬಿಡಿಸಿ ಹೇಳಿದ, ಮಾವನ ಕಟ್ಟಳೆಯಿಂದ ಹಿಡಿದು. ದೊಡ್ಡ ಮಾತ್ರೆ ನುಂಗಿದ ಸ್ವಲ್ಪ ಹೊತ್ತಿಗೆ ಮೈಗೆ ಎಚ್ಚರ ಬರುತ್ತದೆ. ಬೆಳಿಗ್ಗೆ ನುಂಗಿದರೆ ಊಟದ ಹೊತ್ತಿಗೆ ಆ ಎಚ್ಚರ ಇಳಿದು, ಯಾವ ಹಾಸಿಗೆ ಸಿಕ್ಕರೂ ಬಿದ್ದುಕೊಳ್ಳುವ ಹಾಗಾಗುತ್ತದೆ. ಎಚ್ಚರ ಇದ್ದವನಿಗೆ ನಿದ್ದೆ ಬಂದರೆ ತಾನೇ ಅದು ಹಾಸಿಗೆಯ ಗುಣ? ಅದಕ್ಕೇ ಪರೀಕ್ಷೆಯ ಮುಂಚೆ ನುಂಗುತ್ತಿದ್ದ. "ಬೇಕರಿಯವನದಕ್ಕೆ ನುಂಗಿದ್ರೂ ಮೋಸ ಹೋದೆ. ಬೆಳಗಿನಿಂದ ಅಷ್ಟು ಸೋತಿದ್ದೆ" ಎಂದ.

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕರು, ಮುಖ ಒರೆಸಿಕೊಂಡರು. ಆಮೇಲೆ ಗಟ್ಟಿ ದನಿಯಲ್ಲಿ ಗದರಿದರು.

"ಇದು ಹುಡುಗಾಟ ಅಲ್ಲ ಕೇಳಿ. ಬೆಳಿಗ್ಗೆ ಆ ಮಾತ್ರೆ ಇಲ್ಲದೆ ಎಲ್ಲಾದರೂ ಬಿದ್ದರೆ ಪ್ರಾಣಕ್ಕೇ ಸಂಚಕಾರ. ಮೈಗೆ ಬೆಳಗಿನ ಜಾವ ಒಂದು ನೂಕು ಬೇಕು, ರಾತ್ರಿ ಬೇಡ. ನೀವು ಬೆಳಗನ್ನ ಹೊತ್ತುಕೊಂಡು ಹೋಗಿ ರಾತ್ರಿಗೆ ಇಟ್ಟಿದ್ದೀರಿ, ಇನ್ನು ನಿದ್ದೆ ಹೇಗೆ ಬರಬೇಕು? ಮೊದಲು ನಿಮ್ಮ ನಿದ್ದೆ, ಆಮೇಲೆ ಹಾಸಿಗೆ ನಿದ್ದೆ."

ಇವನು ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಕೈಕಟ್ಟಿ ಕೂತಿದ್ದ. ಡಾಕ್ಟರಮ್ಮ ದನಿ ತಗ್ಗಿಸಿದರು.

"ಇನ್ನೊಂದು ಮಾತು. ಗಡ್ಡೆ ಹೋದ ಮೇಲೂ ಎಷ್ಟೋ ಜನಕ್ಕೆ ನಿದ್ದೆ, ಉಮೇದು ಅಷ್ಟು ಬೇಗ ವಾಪಸ್ಸು ಬರಲ್ಲ. ಅದು ಸೋಮಾರಿತನ ಅಲ್ಲ, ಮನಸ್ಸಿನ ಸೊಕ್ಕೂ ಅಲ್ಲ. ಕಾಯಿಲೆದೇ ಬಾಲ ಅದು. ಅದನ್ನ ನಮಗೆ ಹೇಳಬೇಕು, ಮುಚ್ಚಿಡಬಾರದು. ಬೆಳಿಗ್ಗೆ ಮಾತ್ರೆ ನುಂಗಿ ಬಿಸಿಲಲ್ಲಿ ನಡೀರಿ. ನಾನು ಹೇಳೋ ತನಕ ಹಗಲು ಹಾಸಿಗೆಗೆ ಬೆನ್ನು ತಾಗಿಸಬೇಡಿ."

ಹಾಸಿಗೆಯವನಿಗೆ ಹಾಸಿಗೆಯೇ ವರ್ಜ್ಯವಾಯಿತು. ಮನೆಗೆ ಬಂದ ಮೇಲೆ ವಾರಗಿತ್ತಿ ಪೊಲೀಸಾದಳು. ಕಣ್ಣು ತೆರೆಯುವಷ್ಟರಲ್ಲಿ ದೊಡ್ಡ ಮಾತ್ರೆ, ನೀರಿನ ಲೋಟ. "ಬಾಯಿ ತೆಗೀರಿ. ನಾಲಿಗೆ ಎತ್ತಿ." ಅಂಗಡಿಯಲ್ಲಿದ್ದ ಹಾಸಿಗೆಗಳನ್ನೆಲ್ಲ ಸುರುಳಿ ಸುತ್ತಿ ಒಂದರ ಮೇಲೊಂದು ಒಟ್ಟಿ, ಊಟದ ನಂತರ ಅದರ ತುದಿಗೆ ಹತ್ತಿ ಕೂತುಬಿಡುತ್ತಿದ್ದಳು. ಇವನು ಕೆಳಗೆ ತೂಕಡಿಸುತ್ತ ಒಮ್ಮೆ ಅವಳನ್ನೂ ಒಮ್ಮೆ ಹಾಸಿಗೆಗಳನ್ನೂ ಆಸೆಯಿಂದ ನೋಡುವನು. ಬೇಕರಿಯವನು ಬಂದು ಇಣುಕಿ, ಮೇಲೆ ಕೂತ ಅವಳನ್ನು ಕಂಡು, "ಇನ್ನೂ ಆಗಿಲ್ವಾ, ಇರಲಿ ಇರಲಿ" ಎಂದು ಸೊಂಟ ಹಿಡಿದುಕೊಂಡು ಹೊರಟುಹೋಗುವನು.

ಬೆಳಗಿನ ನಡಿಗೆಗೆ ಜೊತೆ ನಾನು. ಮೊದಮೊದಲು ಬೀದಿಯ ತುದಿಯ ತನಕ ಹೋಗುವಷ್ಟರಲ್ಲಿ ಇವನು ಸೋತುಹೋಗುತ್ತಿದ್ದ, ನಾನು ಹಿಡಿದುಕೊಳ್ಳುತ್ತಿದ್ದೆ. ಬರುಬರುತ್ತ ನಾನು ಸೋಲುವುದು, ಇವನು ಹಿಡಿದುಕೊಳ್ಳುವುದು ಎಂದಾಯಿತು. ಒಂದು ದಿನ ಬೆಳಿಗ್ಗೆ ಎಳೆಬಿಸಿಲು ಬಿದ್ದಿತ್ತು, ಕನ್ನಡಕದ ಅಂಗಡಿಯವನು ಬಾಗಿಲು ತೆರೆಯುತ್ತಿದ್ದ. ಇವನು ತಾನಾಗಿ ಅವನ ಕಡೆ ಕೈ ಬೀಸಿ, ನನಗಾಗಿ ನಿಂತು ಕಾದು, "ಅತ್ತಿಗೆ, ನೀವು ನಡೆಯೋದು ನೋಡಿದ್ರೆ ಬೀದೀನೇ ನಮ್ಮನ್ನ ಬಿಟ್ಟು ಮುಂದೆ ಹೋಗೋ ಹಾಗಿದೆ" ಎಂದ. ಮನೆಗೆ ಬಂದು ವಾರಗಿತ್ತಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ಎದ್ದು ಬಂದು, "ಇನ್ನೊಂದು ಸಲ ಹೇಳಿ ಅಕ್ಕ, ಏನಂದ್ರು?" ಎಂದು ಕೇಳಿಸಿಕೊಂಡಳು.

ರಾತ್ರಿ ಅವನು ಮಲಗತೊಡಗಿದ. ದಾರದ ಉಂಡೆಗಳು ಇಟ್ಟ ಜಾಗದಲ್ಲೇ ಉಳಿದವು. ಡಾಕ್ಟರಮ್ಮ ನೋಡಿ, ಮಧ್ಯಾಹ್ನ ಸಣ್ಣದೊಂದು ಜೊಂಪಿಗೆ ಅಡ್ಡಿಯಿಲ್ಲ, ಕಸುಬು ಮಾಡಿಕೊಳ್ಳಿ ಎಂದರು.

ಬೇಕರಿಯವನ ಹಾಸಿಗೆಯನ್ನು ಮರುದಿನವೇ ಬಿಚ್ಚಿ ಹೊಸದಾಗಿ ತುಂಬಿದೆವು. ಇವನಿಗೆ ಇನ್ನೂ ತೋಳಿನಲ್ಲಿ ಅಷ್ಟು ಬಲವಿರಲಿಲ್ಲ, ಬಡಿದು ತುಂಬಿದ್ದೆಲ್ಲ ವಾರಗಿತ್ತಿಯೇ. ಸುತ್ತ ಹೊಲಿದು, ಮೂಲೆಯ ಬಾಯಿ ಬಿಟ್ಟು, ಡಬ್ಬಿಯಿಂದ ದಬ್ಬಳ ತೆಗೆದು ಚುಚ್ಚಿಟ್ಟಳು. ಊಟವಾಯಿತು. ಬೇಕರಿಯವನಿಗೂ ಹೇಳಿಕಳಿಸಿದ್ದೆವು. ಅವನು ಕೈಯ ಮೈದಾ ಕೂಡ ಒರೆಸಿಕೊಳ್ಳದೆ ಬಂದು ಬಾಗಿಲ ಬಳಿ ಗೋಡೆಗೊರಗಿ ಕೂತ. ನಾನು ಒಗೆದ ದುಪ್ಪಟಿ ಹಾಸಿದೆ.

ಮೈದುನ ಮಲಗಿದ. ಬಲಮಗ್ಗುಲು.

ಅಷ್ಟು ದಿನ ಅವನು ತಲೆಯಿಟ್ಟ ಕೂಡಲೇ ಗೊರಕೆ ಕೇಳುತ್ತಿತ್ತು. ಈಗ ಕೇಳಲಿಲ್ಲ. ವಾರಗಿತ್ತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ನಿದ್ದೆ ಬಂದುಬಿಟ್ಟರೆ ಅದು ನಿಜದ್ದೋ ಸುಳ್ಳಿನದೋ ಎಂದು ಹೇಳುವವರಾರು? ಅವನು ಎಡಕ್ಕೆ ಹೊರಳಿದ. ಹೊರಗೆ ಯಾರದೋ ಸೈಕಲ್ ಗಂಟೆ. ಸ್ವಲ್ಪ ಹೊತ್ತಿಗೆ ಅಂಗಡಿಯಲ್ಲಿ ಗೊರಕೆ ಶುರುವಾಯಿತು. ನೋಡಿದರೆ, ಗೊರಕೆ ಹೊಡೆಯುತ್ತಿದ್ದವನು ಬಾಗಿಲ ಬಳಿಯ ಬೇಕರಿಯವನು. ಅವನಿಗೆ ಅದು ಮಲಗುವ ಹೊತ್ತು ತಾನೇ.

ಮೈದುನನ ಕಣ್ಣು ಮಾತ್ರ ತೆರೆದೇ ಇತ್ತು. ಅವನು ಎಡಭುಜವನ್ನು ಸ್ವಲ್ಪ ಎತ್ತಿ ಮತ್ತೆ ಇಳಿಸಿದ. ಹುಬ್ಬು ಗಂಟಿಕ್ಕಿದ. ಎದ್ದು ಕೂತ.

"ಇಲ್ಲೇನೋ ಇದೆ."

ಮೂಲೆಯ ಬಾಯಿಗೆ ಕೈ ಹಾಕಿದ. ಮೊಣಕೈ ತನಕ ಹೋಯಿತು, ಭುಜದ ತನಕ ಹೋಯಿತು. ಕಣ್ಣುಮುಚ್ಚಿಕೊಂಡು ಒಳಗೇ ತಡಕಿ ಹೊರಗೆಳೆದ. ಬೆರಳ ತುದಿಯಲ್ಲಿ ಅಡಕೆಯಷ್ಟು ಒಂದು ಹತ್ತಿಯುಂಡೆ. ಬೆಳಕಿಗೆ ಹಿಡಿದು ನೋಡಿದ.

"ಯಾರು ತುಂಬಿದ್ದು ಇದನ್ನ?"

"ನಾನು" ಎಂದಳು ವಾರಗಿತ್ತಿ.

"ನಾಚಿಕೆ ಆಗಬೇಕು. ಇದು ಹಿಂಜಿದ ಹತ್ತಿಯಾ? ಕೋಲಲ್ಲಿ ಎರಡೇಟು ಹಾಕಿ ಗಿಡಿದುಬಿಟ್ಟಿದ್ದೀಯ. ಇಷ್ಟು ವರ್ಷದಿಂದ ನೋಡ್ತಿದ್ದೀಯಲ್ಲ, ಕಣ್ಣು ಎಲ್ಲಿಟ್ಟಿದ್ದೆ? ಅಪ್ಪ ಇದ್ದಿದ್ರೆ ಈ ಉಂಡೇನ ನಿನ್ನ ದಿಂಬಿಗೇ ಹಾಕಿ ಹೊಲೀತಿದ್ರು. ಈ ಮಾರಾಯ ಮೈದಾ ಮೂಟೆ ಮೇಲೆ ಮಲಗಿ ಕಾದಿದ್ದು ಇದಕ್ಕಾ?"

ಅವನು ಬೈಯುತ್ತಲೇ ಇದ್ದ. ಅವಳ ಮುಖ ಅರಳುತ್ತಲೇ ಹೋಯಿತು. ಗಂಡ ಬೈದಾಗ ಹೆಂಡತಿ ಹೀಗೆ ಹಿಗ್ಗಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಕೊನೆಗೆ ಅವನು ಉಸಿರಿಗೆ ನಿಂತಾಗ, "ಆಯ್ತಾ? ಇನ್ನೂ ಸ್ವಲ್ಪ ಇದ್ರೆ ಬೈರಿ, ಕೆಲಸ ಏನೂ ಇಲ್ಲ ನನಗೆ" ಎಂದಳು. ಕಣ್ಣು ಒರೆಸಿಕೊಂಡಳು. ಆಗ ಅವನಿಗೂ ಹೊಳೆಯಿತು. ಕೈಯಲ್ಲಿದ್ದ ಉಂಡೆಯನ್ನು ನೋಡಿದ, ತೆರೆದ ತನ್ನ ಕಣ್ಣನ್ನು ತಾನೇ ಮುಟ್ಟಿ ನೋಡಿಕೊಂಡ.

"ನಿದ್ದೆ ಬರಲಿಲ್ಲ ಅತ್ತಿಗೆ" ಎಂದ ನನಗೆ, ಯಾರೋ ಬಹುಮಾನ ಕೊಟ್ಟ ಹಾಗೆ. "ಇಷ್ಟು ಚಿಕ್ಕ ಉಂಡೆ, ನಿದ್ದೆ ಬರಲಿಲ್ಲ."

ಆ ಉಂಡೆಯನ್ನು ಅವನೇ ಬೆರಳಲ್ಲಿ ಎಳೆ ಎಳೆಯಾಗಿ ಬಿಡಿಸಿ ಒಳಗೆ ಹಾಕಿದ. ಮತ್ತೆ ಮಲಗಿದ. ಈ ಸಲ ಸ್ವಲ್ಪ ಹೊತ್ತು ಸೂರು ನೋಡಿದ, ಏನೋ ಗುನುಗಿದ, ಆಮೇಲೆ ಗುನುಗು ನಿಂತಿತು. ಜೊಂಪು ಹೆಚ್ಚು ಹೊತ್ತು ಇರಲಿಲ್ಲ. ಎದ್ದು ಬಾಯಿ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದ. ಕತ್ತರಿ ಪಕ್ಕದಲ್ಲೇ ಇತ್ತು, ಅದು ಬೇರೆ ಮಾತು.

ಬೇಕರಿಯವನನ್ನು ಎಬ್ಬಿಸಲು ಮೂವರೂ ಸೇರಬೇಕಾಯಿತು. "ಹಾಸಿಗೆ ಹೇಗಿದೆ?" ಎಂದ ಅವನು ಕಣ್ಣುಜ್ಜುತ್ತ, ಗೋಡೆಗೆ ಒರಗಿಕೊಂಡೇ.

"ಇವನನ್ನ ಮಾತ್ರ ಪರೀಕ್ಷೆಗೆ ಇಟ್ಟುಕೊಳ್ಳಬೇಡಿ" ಎಂದ ನನ್ನ ಮೈದುನ.

ಈಗಲೂ ಎಲ್ಲ ದಿನವೂ ಒಂದೇ ಸಮನಾಗಿರುವುದಿಲ್ಲ. ಮಾತ್ರೆ ಜೀವನಪೂರ್ತಿ. ಕೆಲವು ದಿನ ಬೆಳಿಗ್ಗೆಯೇ ಮಂಕು ಕವಿದಿರುತ್ತದೆ, ಕೈಕಾಲು ಹಿಡಿದಿಟ್ಟ ಹಾಗೆ. ಅಂಥ ದಿನ ಅವನು ಮುಚ್ಚಿಡುವುದಿಲ್ಲ. ಊಟವಾದ ಮೇಲೆ ಹಾಸಿಗೆಯ ಹತ್ತಿರ ಹೋಗಿ, ಮಲಗದೆ ತಿರುಗಿ ಬಂದು, "ಇವತ್ತು ನನ್ನ ನಿದ್ದೆ ನಂಬೋ ಹಾಗಿಲ್ಲ, ನಾಳೆ ಬನ್ನಿ" ಎಂದು ಗಿರಾಕಿಗೇ ಹೇಳಿಬಿಡುತ್ತಾನೆ. ಗಿರಾಕಿಗಳು ಗೊಣಗುತ್ತಾರೆ, ಮರುದಿನ ಬರುತ್ತಾರೆ. ನಾನು ಇದನ್ನು ಬರೆಯುತ್ತಿರುವ ಹೊತ್ತಿಗೂ ಮುಂದಿನ ಕೋಣೆಯಲ್ಲಿ ಒಂದು ಜೋಡಿ ಹಾಸಿಗೆ ಬಾಯಿ ತೆರೆದುಕೊಂಡು ದಬ್ಬಳ ಚುಚ್ಚಿಸಿಕೊಂಡು ಬಿದ್ದಿದೆ. ವಾರಗಿತ್ತಿ ಹತ್ತಿ ಬಡಿಯುತ್ತಿದ್ದಾಳೆ. ಅವನು ಬಾಗಿಲಲ್ಲಿ ನಿಂತು, ಚೌಕಟ್ಟಿಗೆ ಭುಜ ತಾಗದ ಹಾಗೆ, ಆ ಸದ್ದಿನಲ್ಲೇ ತಪ್ಪು ಹುಡುಕುತ್ತಿದ್ದಾನೆ.